‘ಭೂಕುಸಿತ’ ಎಂಬ ಪದದ ವ್ಯಾಪ್ತಿ ಎಷ್ಟು? ‘ಕಾರಣ’ ಮತ್ತು ‘ನಿಮಿತ್ತ’ಗಳ ಬಳಕೆ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಟ್ಟದ ಇಳಿಜಾರನ್ನು ಕಡಿದು ಕಟ್ಟಿರುವ ಕಾಲೇಜೊಂದರ ಆವರಣದ ಕುರಿತು ಕನ್ನಡದಲ್ಲಿ ವರದಿ ಸಿದ್ಧಪಡಿಸುತ್ತಿದ್ದೇನೆ. ಮೇಲಿನ ಬಂಡೆ ಉರುಳುವುದು, ಇಳಿಜಾರಿನ ಮಣ್ಣು ಜರಿಯುವುದು, ಕಟ್ಟಡಕ್ಕಾಗಿ ಕಡಿದ ಮಣ್ಣಿನ ಗೋಡೆ ಬೀಳುವುದು, ಈ ಮೂರನ್ನೂ ‘ಭೂಕುಸಿತ’ ಎಂದೇ ಬರೆಯಬಹುದೇ? ಗಣಿಯ ಟೊಳ್ಳಿನ ಮೇಲೆ ನೆಲ ಕುಗ್ಗಿದರೂ ನಾವು ಬಳಸುವುದು ಅದೇ ಪದವನ್ನು.

ಹೆಸರು ಒಂದೇ ಆದಾಗ ಕಾರಣವೂ ಒಂದೇ ಎಂದು ಓದುಗರು ತಿಳಿಯುತ್ತಾರೆ ಎಂಬುದು ನನ್ನ ಆತಂಕ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಜರಿದದ್ದು ಮಳೆನೀರು ಕುಡಿದ ದಪ್ಪ ಮಣ್ಣಿನ ಪದರ. ನಮ್ಮ ಬಯಲುಸೀಮೆಯ ಗ್ರಾನೈಟ್ ಬೆಟ್ಟಗಳಲ್ಲಿ ಮಣ್ಣು ತೆಳು; ಬಂಡೆಯು ಈರುಳ್ಳಿಯಂತೆ ಪದರಪದರವಾಗಿ ಬಿಡುತ್ತದೆ, ಬಿರುಕುಗಳ ನಡುವಿನ ಕಲ್ಲು ಶಿಥಿಲವಾಗಿ ಗರಸಾಗುತ್ತದೆ, ಆ ಗರಸು ಕೊಚ್ಚಿಹೋದಾಗ ಅದರ ಮೇಲೆ ಕುಳಿತ ಗುಂಡುಕಲ್ಲುಗಳು ನೆಲೆ ತಪ್ಪುತ್ತವೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಯಾಗಿ ನಂದಿಬೆಟ್ಟದ ರಸ್ತೆಯ ಮೇಲೆ ಮಣ್ಣು, ಕಲ್ಲು ಬಂದು ಬಿದ್ದು ಸಂಚಾರ ನಿಂತಾಗಲೂ ಸುದ್ದಿಯಾದದ್ದು ‘ಭೂಕುಸಿತ’ ಎಂದೇ.

ಎರಡನೆಯ ತೊಡಕು ‘ಕಾರಣ’ ಎಂಬ ಪದದ್ದು. ಇಳಿಜಾರುಗಳ ಅಪಾಯವನ್ನು ವಲಯವಾಗಿ ಗುರುತಿಸಲು 1998ರಲ್ಲಿ ಬಂದ ಭಾರತೀಯ ಮಾನಕ 14496ರ ಎರಡನೆಯ ಭಾಗವು ಒಟ್ಟು 10 ಅಂಕಗಳನ್ನು ಹಂಚುತ್ತದೆ (ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು): ಶಿಲೆಯ ಬಗೆ, ಬಿರುಕು ಮತ್ತು ಪದರಗಳ ರಚನೆ, ಇಳಿಜಾರಿನ ಕೋನ, ನೆಲದ ಬಳಕೆ ಮತ್ತು ಹಸಿರು ಹೊದಿಕೆ, ಇವುಗಳಿಗೆ ಗರಿಷ್ಠ ತಲಾ 2, ತಪ್ಪಲಿಗೂ ನೆತ್ತಿಗೂ ಇರುವ ಎತ್ತರದ ಅಂತರಕ್ಕೆ ಮತ್ತು ಅಂತರ್ಜಲದ ಸ್ಥಿತಿಗೆ ತಲಾ 1. ಮಳೆಗೆ ಇದರಲ್ಲಿ ಅಂಕವಿಲ್ಲ, ಏಕೆಂದರೆ ಅದು ಹೊರಗಿನಿಂದ ಬಂದು ಕುಸಿತವನ್ನು ಆರಂಭಿಸುವ ಅಂಶ. ಆದರೂ ನಮ್ಮ ವರದಿಗಳು ‘ಮಳೆಯ ಕಾರಣದಿಂದ’ ಎಂದು ಬರೆದು ಮುಗಿಸುತ್ತವೆ. ಇಳಿಜಾರಿನ ಬುಡವನ್ನು ಕಡಿದದ್ದು, ತಾರಸಿಯ ನೀರನ್ನೂ ಶೌಚದ ಇಂಗುಗುಂಡಿಯ ನೀರನ್ನೂ ಅದೇ ಇಳಿಜಾರಿಗೆ ಬಿಟ್ಟದ್ದು, ನೀರು ಹೊರಬರಲು ತೂತುಗಳನ್ನೇ ಬಿಡದೆ ತಡೆಗೋಡೆ ಕಟ್ಟಿದ್ದು, ಇವೆಲ್ಲ ಆ ವಾಕ್ಯದ ಹಿಂದೆ ಮರೆಯಾಗುತ್ತವೆ. (ಹಾಗೆ ಮರೆಯಾಗುವುದು ಕೆಲವರಿಗೆ ಅನುಕೂಲವೂ ಹೌದು.) ಒಳಗಿನ ಅಂಶಗಳಿಗೆ ‘ಕಾರಣ’ ಎಂದೂ ಮಳೆಗೆ ‘ನಿಮಿತ್ತ’ ಎಂದೂ ಬರೆಯುವುದು ನನಗೆ ಸರಿಯೆನಿಸಿದೆ. ‘ಪ್ರಚೋದಕ’ ಎಂಬುದು ಚಲಾವಣೆಯಲ್ಲಿದ್ದರೂ ಅದು ಭಾಷಣ ಮಾಡುವವರಿಗೆ ಹೆಚ್ಚು ಒಪ್ಪುತ್ತದೆ. ಆದರೆ ಶಾಸ್ತ್ರಗ್ರಂಥಗಳಲ್ಲಿ ‘ನಿಮಿತ್ತ’ವೂ ಕಾರಣದ ಒಂದು ಬಗೆಯೇ ಆಗಿರುವುದರಿಂದ ಗೊಂದಲವಾದೀತೇ?

‘ಅಪಾಯ’ವೂ ಹೀಗೆಯೇ ಎರಡು ಕೆಲಸ ಮಾಡುತ್ತಿದೆ. ಜನವಿಲ್ಲದ ಗುಡ್ಡ ಕುಸಿಯಬಹುದು, ಆದರೆ ಅಲ್ಲಿ ಹಾನಿಗೊಳಗಾಗುವವರಿಲ್ಲ. ಅದೇ ಗುಡ್ಡದ ಕೆಳಗೆ ವಿದ್ಯಾರ್ಥಿನಿಲಯ ಕಟ್ಟಿದರೆ ಲೆಕ್ಕ ಬದಲಾಗುತ್ತದೆ. ಸದ್ಯಕ್ಕೆ ‘ಕುಸಿತದ ಸಂಭವ’, ‘ಹಾನಿಯ ಸಂಭವ’ ಎಂದು ಬೇರ್ಪಡಿಸಿದ್ದೇನೆ.

ಕೊನೆಯದಾಗಿ, ಕಡಿದ ಮಣ್ಣಿನ ಗೋಡೆಗೆ ಮಲೆನಾಡಿನವರು ‘ಧರೆ’ ಎನ್ನುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ ‘ಧರೆ ಕುಸಿತ’ ಎಂದರೆ ಭೂಮಿಯೇ ಕುಸಿದಂತೆ ಕೇಳಿಸೀತು. ಈ ಭಾಗದ ಮಣ್ಣು ಕೆಲಸದವರ ಬಾಯಲ್ಲಿ ಇದಕ್ಕೆ ಬೇರೆ ಪದವಿದ್ದರೆ, ಬಲ್ಲವರು ಬಳಕೆಯ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.