ಬೆನ್ನುಹುರಿಯ ಗಡ್ಡೆ ತೆಗೆದ ಮೇಲೆ ಕಿರುಮೆದುಳಿನಲ್ಲಿ ರಕ್ತಸ್ರಾವ

ಪ್ರಶ್ನೆ: ನಮ್ಮ ತಂದೆಯವರ ಬೆನ್ನುಹುರಿಯ ಗಡ್ಡೆಯನ್ನು ತೆಗೆದ ಮರುದಿನ ತೀವ್ರ ತಲೆನೋವು, ವಾಂತಿ ಕಾಣಿಸಿಕೊಂಡು, ಸಿ.ಟಿ. ಸ್ಕ್ಯಾನ್‌ನಲ್ಲಿ ಕಿರುಮೆದುಳಿನ ರಕ್ತಸ್ರಾವ ಪತ್ತೆಯಾಯಿತು. ಸೊಂಟದ ಶಸ್ತ್ರಚಿಕಿತ್ಸೆಯಿಂದ ತಲೆಯೊಳಗೆ ಹೀಗಾಗುವುದು ಹೇಗೆ?

ಉತ್ತರ 1: ಇದು ಅಪರೂಪವಾದರೂ ನರಶಸ್ತ್ರಚಿಕಿತ್ಸಕರಿಗೆ ಪರಿಚಿತವಾದ ತೊಡಕು. ಗಡ್ಡೆಯನ್ನು ತಲುಪಲು ಡ್ಯೂರಾ ಎಂಬ ಹೊರಪೊರೆಯನ್ನು ಬಿಡಿಸಿದಾಗ, ವಯಸ್ಕರಲ್ಲಿ ಒಟ್ಟು ಸುಮಾರು 150 ಮಿಲಿಲೀಟರ್ ಮಾತ್ರ ಇರುವ ಮಿದುಳುಬಳ್ಳಿಯ ದ್ರವ (ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದಿರುವ ದ್ರವ) ಹೆಚ್ಚಾಗಿ ಸೋರಿಹೋದರೆ, ತಲೆಯೊಳಗಿನ ಒತ್ತಡ ಕುಸಿದು ಕಿರುಮೆದುಳು ಕೆಳಕ್ಕೆ ಜಗ್ಗುತ್ತದೆ. ಆಗ ಅದರ ಮೇಲ್ಭಾಗದ ಸಿರೆಗಳು ಎಳೆತಕ್ಕೆ ಸಿಲುಕಿ ರಕ್ತ ಒಸರುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಕಿರುಮೆದುಳಿನ ಮಡಿಕೆಗಳ ನಡುವೆ ಹರಡಿದ ರಕ್ತ ಸ್ಕ್ಯಾನ್‌ನಲ್ಲಿ ಜೀಬ್ರಾದ ಪಟ್ಟೆಗಳಂತೆ ಕಾಣುವುದುಂಟು.

ಉತ್ತರ 2: ಗಾಯದಲ್ಲಿ ಹೀರುವ ಡ್ರೈನ್ (ದ್ರವವನ್ನು ಹೊರತೆಗೆಯುವ ಕೊಳವೆ) ಇದ್ದರೆ, ಅದರಿಂದ ಎಷ್ಟು ದ್ರವ ಬರುತ್ತಿದೆಯೆಂದು ದಯವಿಟ್ಟು ಇಂದೇ ವೈದ್ಯರನ್ನು ಕೇಳಿರಿ. ಅನೇಕರು ನಿಗಾ ಮತ್ತು ಔಷಧಗಳಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಮಂಪರು ಹೆಚ್ಚಿದರೆ ಮಿದುಳಿನಲ್ಲಿ ನೀರು ತುಂಬಿರಬಹುದಾದ್ದರಿಂದ ಕ್ಷಣವೂ ಕಾಯಬೇಡಿ.