ಕಚ್ಚಾ ತೈಲದ ಪೈಪ್‌ಲೈನ್: ಪರಿಸರ ವರದಿಯಲ್ಲಿ ಯಾವ ಅಂಕಿ ಕೇಳಬೇಕು?

ನೀರಸೆಲೆ:

ಕಚ್ಚಾ ತೈಲದ ಪೈಪ್‌ಲೈನ್ ಯೋಜನೆಗಳ ಪರಿಸರ ಪರಿಣಾಮ ವರದಿಗಳನ್ನು ಓದುತ್ತಿದ್ದೇನೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಇರುವುದು ಮೂರೇ ಭರವಸೆ: ಹಗಲೂ ರಾತ್ರಿ ಸೋರಿಕೆ ಪತ್ತೆ ವ್ಯವಸ್ಥೆ ಇರುತ್ತದೆ, ಸೋರಿದ ಕೂಡಲೇ ವಾಲ್ವ್ ಮುಚ್ಚುತ್ತದೆ, ಕೆಟ್ಟ ಮಣ್ಣನ್ನು ಮೊದಲಿನಂತೆ ಮಾಡಿಕೊಡಲಾಗುತ್ತದೆ. ಆದರೆ ನಡೆದ ಸೋರಿಕೆಗಳ ತನಿಖಾ ವರದಿ ತೆಗೆದರೆ, ಎಷ್ಟೋ ಸಲ ಕಂಟ್ರೋಲ್ ರೂಮಿಗಿಂತ ಮೊದಲು ಗೊತ್ತಾಗಿರುವುದು ಅಕ್ಕಪಕ್ಕದವರ ಮೂಗಿಗೆ.

ಇಷ್ಟೆಲ್ಲ ಸೆನ್ಸರ್ ಇದ್ದೂ ಸೋರಿಕೆ ಯಾಕೆ ತಪ್ಪಿಸಿಕೊಳ್ಳುತ್ತದೆ? ಅಹವಾಲು ಸಭೆಯಲ್ಲಿ ಯಾವ ಅಂಕಿ ಕೇಳಿದರೆ ಅವರು ಜಾರಿಕೊಳ್ಳಲು ಆಗುವುದಿಲ್ಲ? ಹಾದಿಯ ಬದಿಯ ಬಾವಿಗಳ ನೀರನ್ನು ಕೆಲಸ ಶುರುವಾಗುವ ಮೊದಲೇ ಪರೀಕ್ಷೆ ಮಾಡಿಸಿಡುವುದಾದರೆ ಏನೇನು ಮಾಡಿಸಬೇಕು?

ಉಕ್ಕಿನಕೊಳವೆ:

ಪತ್ತೆ ವ್ಯವಸ್ಥೆಯ ಮೂಲ ಲೆಕ್ಕ ಸರಳ: ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು. ಆದರೆ ಬಿಸಿ ಏರಿಳಿದರೆ ತೈಲದ ಗಾತ್ರ ಬದಲಾಗುತ್ತದೆ, ಮೀಟರಿಗೆ ತನ್ನದೇ ದೋಷ ಇರುತ್ತದೆ, ಪಂಪ್ ಶುರುವಾದಾಗ, ನಿಂತಾಗ ಒತ್ತಡ ಅಲೆಯಾಡುತ್ತದೆ. ಸುಳ್ಳು ಅಲಾರಂ ಪದೇ ಪದೇ ಹೊಡೆದುಕೊಳ್ಳಬಾರದೆಂದು ಮಿತಿಯನ್ನು ಸಾಮಾನ್ಯವಾಗಿ ಹರಿವಿನ ಶೇ. 1ರ ಆಸುಪಾಸಿನಲ್ಲಿ ಇಡುತ್ತಾರೆ. ವರದಿಯಲ್ಲಿ ಶೇಕಡಾವಾರು ನೋಡಿದಾಗ ಸಣ್ಣದೆನಿಸುತ್ತದೆ. ಅದನ್ನು ಲೀಟರಿಗೆ ಇಳಿಸಿ ಕೇಳಿ. ದಿನಕ್ಕೆ 3 ಲಕ್ಷ ಬ್ಯಾರೆಲ್ ಸಾಗಿಸುವ ಲೈನ್ ಎಂದರೆ, ಬ್ಯಾರೆಲಿಗೆ 159 ಲೀಟರಿನಂತೆ, 4.77 ಕೋಟಿ ಲೀಟರ್. ಅದರ ಶೇ. 1 ಎಂದರೆ ದಿನಕ್ಕೆ 4.77 ಲಕ್ಷ ಲೀಟರ್. ಅದಕ್ಕಿಂತ ಕಡಿಮೆ ಸೋರಿದರೆ ಅಲಾರಂ ಹೊಡೆಯಲೇಬೇಕೆಂದಿಲ್ಲ.

ಇನ್ನೊಂದು ಲೆಕ್ಕ. ತುಕ್ಕು ತಿಂದು 3 ಮಿ.ಮೀ. ಅಗಲದ ತೂತು ಬಿದ್ದಿದೆ, ಒಳಗೆ 50 ಬಾರ್ ಒತ್ತಡ ಇದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ದಿನಕ್ಕೆ ಸುಮಾರು 40,000 ಲೀಟರ್ ಹೊರಬೀಳುತ್ತದೆ. ಒಟ್ಟು ಹರಿವಿನಲ್ಲಿ ಅದು ಶೇ. 0.08. ಮೀಟರುಗಳ ತಪ್ಪಿನೊಳಗೇ ಅದು ಮುಳುಗಿಹೋಗುತ್ತದೆ. ಒಂದು ತಿಂಗಳು ಯಾರ ಕಣ್ಣಿಗೂ ಬೀಳದಿದ್ದರೆ 12 ಲಕ್ಷ ಲೀಟರ್, ಅದೂ ನೆಲದಡಿಯಲ್ಲಿ.

ದೊಡ್ಡದಾಗಿ ಸೀಳಿದರೆ ಗೊತ್ತಾಗುತ್ತದಲ್ಲ ಎನ್ನಬಹುದು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 2010ರ ಜುಲೈ 25ರಂದು 30 ಇಂಚಿನ ಲೈನ್ ಎರಡು ಮೀಟರ್ ಉದ್ದಕ್ಕೆ ಸೀಳಿತು. ಅಲಾರಂ ಬಂತು. ಆದರೆ ಪಂಪ್ ನಿಲ್ಲಿಸಿದಾಗ ಕೊಳವೆಯೊಳಗೆ ಆವಿಯ ಗುಳ್ಳೆ ಕೂತು ಒತ್ತಡ ಇಳಿದಂತೆ ತೋರುವುದುಂಟು. ಇದೂ ಅದೇ ಇರಬೇಕೆಂದು ಕಂಟ್ರೋಲ್ ರೂಮಿನವರು ತಿಳಿದು ಎರಡು ಸಲ ಮತ್ತೆ ಪಂಪ್ ಹಾಕಿದರು. ಸೋರಿದ ಸುಮಾರು 32 ಲಕ್ಷ ಲೀಟರಿನಲ್ಲಿ ಶೇ. 81ರಷ್ಟು ಹೋದದ್ದು ಆ ಎರಡು ಸಲದಲ್ಲೇ. 17 ಗಂಟೆಯ ನಂತರ ಬೇರೊಂದು ಗ್ಯಾಸ್ ಸಂಸ್ಥೆಯ ನೌಕರ ಫೋನ್ ಮಾಡಿ ಹೇಳಬೇಕಾಯಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಅಲಾರಂ ಬಂದು ಎಷ್ಟು ನಿಮಿಷದಲ್ಲಿ ಕಾರಣ ತಿಳಿಯದಿದ್ದರೆ ಲೈನ್ ನಿಲ್ಲಿಸಲೇಬೇಕು? ನಿಲ್ಲಿಸಿದ ಮೇಲೆ ಮತ್ತೆ ಶುರುಮಾಡಲು ಯಾರ ಸಹಿ ಬೇಕು? ಸ್ಥಳಕ್ಕೆ ಹೋಗಿ ನೋಡದೆ ಶುರುಮಾಡಬಹುದೇ?

ವಾಲ್ವ್ ವಿಷಯ. 30 ಇಂಚಿನ ಕೊಳವೆಯಲ್ಲಿ ಒಂದು ಕಿ.ಮೀ.ಗೆ ಸುಮಾರು 4.3 ಲಕ್ಷ ಲೀಟರ್ ತುಂಬಿರುತ್ತದೆ. ಎರಡು ವಾಲ್ವ್ ನಡುವೆ 15 ಕಿ.ಮೀ. ಇದ್ದರೆ 64 ಲಕ್ಷ ಲೀಟರ್. ವಾಲ್ವ್ ಮುಚ್ಚಿದರೂ ತೂತಿಗಿಂತ ಎತ್ತರದ ಇಳಿಜಾರಿನಲ್ಲಿರುವ ತೈಲ ಹರಿದು ಬರುತ್ತಲೇ ಇರುತ್ತದೆ. ನಡುವೆ ದಿಬ್ಬ ಇದ್ದರೆ ಅದರಾಚೆಯದು ಉಳಿಯುತ್ತದೆ. ಇದನ್ನು ಪ್ರತಿ ಕಿ.ಮೀ.ಗೂ ಲೆಕ್ಕ ಹಾಕಿ ನಕ್ಷೆಯಲ್ಲಿ ತೋರಿಸಬಹುದು, ತೋರಿಸಿ ಎಂದು ಪಟ್ಟುಹಿಡಿಯಿರಿ. ವಾಲ್ವ್ ಮುಚ್ಚುವ ಮೊದಲಿನ ಪ್ರತಿ ನಿಮಿಷವೂ ಮೇಲೆ ಹೇಳಿದ ಲೈನಿನಲ್ಲಿ 33,000 ಲೀಟರ್.

ತುಕ್ಕು ಯಾಕೆ ಹಿಡಿಯುತ್ತದೆ ಎಂಬುದು ಇಲ್ಲಿ ಮುಖ್ಯ. ಹೊರಗಿನಿಂದ ಕಾಪಾಡಲು ಕೋಟಿಂಗ್ ಇರುತ್ತದೆ, ಅದರ ಜೊತೆಗೆ ಕ್ಯಾಥೋಡಿಕ್ ಪ್ರೊಟೆಕ್ಷನ್ ಎಂಬ ವಿದ್ಯುತ್ ರಕ್ಷಣೆ. ಹೋಲಿಕೆಗೆ ತಾಮ್ರದ ರೆಫರೆನ್ಸ್ ಎಲೆಕ್ಟ್ರೋಡ್ ಇಟ್ಟು ಕೊಳವೆಯ ವೋಲ್ಟೇಜ್ ಅಳೆದಾಗ ಅದು ಮೈನಸ್ 850 ಮಿಲಿವೋಲ್ಟ್ ಅಥವಾ ಅದಕ್ಕಿಂತ ಋಣಾತ್ಮಕ ಇರಬೇಕು. ಹಳೆಯ ಪಾಲಿಎಥಿಲೀನ್ ಟೇಪ್ ಸುತ್ತಿದ ಕೊಳವೆಗಳಲ್ಲಿ ಟೇಪ್ ಸಡಿಲವಾಗಿ ಕೆಳಗೆ ನೀರು ನಿಲ್ಲುತ್ತದೆ. ಅದೇ ಟೇಪ್ ವಿದ್ಯುತ್ತನ್ನು ಒಳಗೆ ಬಿಡುವುದಿಲ್ಲ. ಮೇಲೆ ಮೀಟರ್ ಸರಿಯಾಗಿ ತೋರಿಸುತ್ತಿರುತ್ತದೆ, ಕೆಳಗೆ ಉಕ್ಕು ಬಿರುಕು ಬಿಡುತ್ತಿರುತ್ತದೆ. ಮಿಶಿಗನ್ನಿನಲ್ಲಿ ಆದದ್ದು ಇದೇ. ಆ ಬಿರುಕಿನ ಗುರುತನ್ನು 2005ರ ತಪಾಸಣೆಯೇ ತೋರಿಸಿತ್ತು, ಅಗೆದು ನೋಡಲಿಲ್ಲ.

ಕೊಳವೆಯೊಳಗೆ ಓಡಿಸುವ ತಪಾಸಣಾ ಯಂತ್ರಕ್ಕೆ ಪಿಗ್ ಎನ್ನುತ್ತಾರೆ, ಅದರಲ್ಲೂ ಜಾತಿಗಳಿವೆ. ಕಾಂತಕ್ಷೇತ್ರದ ಪಿಗ್ ಗೋಡೆ ತೆಳುವಾದದ್ದನ್ನು ಹಿಡಿಯುತ್ತದೆ, ಉದ್ದಕ್ಕೆ ಓಡುವ ಸಣ್ಣ ಬಿರುಕು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸಾನಿಕ್ ಪಿಗ್ ಬೇಕು. "ಪಿಗ್ ಓಡಿಸುತ್ತೇವೆ" ಎಂದರೆ ಸಾಲದು. ಯಾವ ಪಿಗ್, ಎಷ್ಟು ವರ್ಷಕ್ಕೊಮ್ಮೆ, ಗುರುತು ಸಿಕ್ಕರೆ ಎಷ್ಟು ದಿನದೊಳಗೆ ಅಗೆದು ನೋಡುತ್ತೀರಿ? ಈ ಮೂರಕ್ಕೂ ಬರಹದಲ್ಲಿ ಉತ್ತರ ಬೇಕು.

ಹೊಳೆದಂಡೆ:

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಹೊಳೆ ದಾಟುವ ಜಾಗ ಬಿಟ್ಟುಹೋಗಿದೆ. ಅಲ್ಲಿ ತುಕ್ಕಿಗಿಂತ ಪ್ರವಾಹ ದೊಡ್ಡ ಶತ್ರು. ಹೂಳುವಾಗ ತಳದಿಂದ ಒಂದೂಕಾಲು ಮೀಟರ್ ಕೆಳಗೆ ಹೂಳಿದ್ದರೂ, ನೆರೆ ಬಂದಾಗ ಹೊಳೆ ತನ್ನ ತಳವನ್ನು ತಾನೇ ಕೊರೆಯುತ್ತದೆ. ಕೊಳವೆ ಬರಿಮೈಯಾಗಿ ನೀರಿನ ರಭಸಕ್ಕೆ, ತೇಲಿಬರುವ ಮರಗಳಿಗೆ ಸಿಕ್ಕು ಮುರಿಯುತ್ತದೆ. 2011ರ ಜುಲೈನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಯೆಲ್ಲೋಸ್ಟೋನ್ ನದಿಯಲ್ಲಿ 12 ಇಂಚಿನ ಕೊಳವೆ ಹೀಗೇ ಮುರಿದು ಸುಮಾರು 1,500 ಬ್ಯಾರೆಲ್ ನದಿಗೆ ಹೋಯಿತು. 2015ರ ಜನವರಿಯಲ್ಲಿ ಅದೇ ನದಿಯಲ್ಲಿ, ಗ್ಲೆಂಡೈವ್ ಊರಿನ ಮೇಲ್ಭಾಗದಲ್ಲಿ, ಇನ್ನೊಂದು ಕೊಳವೆ ಒಡೆಯಿತು. ನದಿಯ ಮೇಲೆ ಹಿಮದ ಹಾಸು ಇದ್ದುದರಿಂದ ತೈಲ ಬಾಚಲೂ ಆಗಲಿಲ್ಲ, ಊರಿನ ನಲ್ಲಿ ನೀರಿನಲ್ಲಿ ಬೆಂಜೀನ್ (ತೈಲದಲ್ಲಿರುವ ವಿಷಕಾರಿ ರಾಸಾಯನಿಕ) ಬಂತು.

ಕೇಳಬೇಕಾದ ಅಂಕಿ: 100 ವರ್ಷಕ್ಕೊಮ್ಮೆ ಬರುವ ನೆರೆಗೆ ತಳ ಎಷ್ಟು ಆಳ ಕೊರೆಯುತ್ತದೆ, ಕೊಳವೆ ಅದಕ್ಕಿಂತ ಎಷ್ಟು ಕೆಳಗಿದೆ. ಪ್ರತಿ ದೊಡ್ಡ ನೆರೆಯ ನಂತರ ಮತ್ತೆ ಅಳೆಯುವ ಷರತ್ತೂ ಇರಲಿ. ನದಿಯಡಿಯಲ್ಲಿ ಅಡ್ಡಕೊರೆದು ಕೊಳವೆ ಎಳೆಯುವುದು ಒಳ್ಳೆಯದೇ, ಆದರೆ ಕೊರೆಯುವಾಗ ಒತ್ತಡ ಹೆಚ್ಚಿ ಕೊರೆಯಲು ಬಳಸುವ ಬೆಂಟೊನೈಟ್ ಜೇಡಿಯ ಕೆಸರು ನದಿಯ ತಳದಿಂದ ಉಕ್ಕಬಹುದು. ಕೆಸರಿನ ಒತ್ತಡ ಹಠಾತ್ತನೆ ಇಳಿದರೆ ಕೊರೆತ ನಿಲ್ಲಿಸಬೇಕು ಎಂದು ಗುತ್ತಿಗೆಯಲ್ಲೇ ಬರೆದಿರಬೇಕು.

ಮಣ್ಣುಗಾರ:

"ಮೊದಲಿನಂತೆ ಮಾಡಿಕೊಡುತ್ತೇವೆ" ಎಂಬ ಮಾತಿನ ಬಗ್ಗೆ ಬರೆಯುತ್ತೇನೆ. ನನಗೆ ಹೆಚ್ಚು ಸಂಕಟವಾಗುವುದು ಆ ಮಾತು ಓದಿದಾಗಲೇ.

ಎಣ್ಣೆ ಬಿದ್ದ ಮಣ್ಣನ್ನು ಉತ್ತು, ಗೊಬ್ಬರ ಕೊಟ್ಟು, ಬ್ಯಾಕ್ಟೀರಿಯಾಗಳಿಂದ ತಿನ್ನಿಸುವ ವಿಧಾನ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಮಿತಿ ಇದೆ. ಇಂಗಾಲ, ಸಾರಜನಕ, ರಂಜಕ 100:10:1ರ ಆಸುಪಾಸು ಇರಬೇಕು, ಪಿಎಚ್ 6ರಿಂದ 8, ಮಣ್ಣು ತೇವವಾಗಿರಬೇಕು, ನೀರು ನಿಂತಿರಬಾರದು. ಒಂದು ಹೆಕ್ಟೇರಿನ 30 ಸೆಂ.ಮೀ. ಮಣ್ಣು ಸುಮಾರು 4,200 ಟನ್. ಅದರಲ್ಲಿ ಶೇ. 2 ಎಣ್ಣೆ ಇದ್ದರೆ 84 ಟನ್ ಎಣ್ಣೆ. ಅನುಪಾತ ಹಿಡಿದು ಹೊರಟರೆ 15 ಟನ್ ಯೂರಿಯಾ ಬೇಕು. ಅಷ್ಟನ್ನೂ ಒಮ್ಮೆಗೇ ಸುರಿದರೆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ, ನೈಟ್ರೇಟ್ ಬಾವಿಗೆ ಇಳಿಯುತ್ತದೆ. ಕಂತಿನಲ್ಲಿ ಕೊಡಬೇಕು, ನಡುನಡುವೆ ಪರೀಕ್ಷೆ ಮಾಡಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ನೇಗಿಲು ಹೋಗುವ ಆಳದ ಕೆಳಗೆ ಗಾಳಿ ಇಲ್ಲ, ಅಲ್ಲಿ ಈ ವಿಧಾನ ನಡೆಯುವುದೇ ಇಲ್ಲ. ನೈಜೀರಿಯಾದ ಒಗೊನಿ ನಾಡಿನ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ಕೊಟ್ಟ ವರದಿ ಹೇಳಿದ್ದು ಇದನ್ನೇ: ಮೇಲೆ ಮೇಲೆ ಉತ್ತು ಬಿಟ್ಟಿದ್ದರು, 49 ಕಡೆ ತೈಲ ಕನಿಷ್ಠ 5 ಮೀಟರ್ ಆಳಕ್ಕೆ ಇಳಿದಿತ್ತು. ಒಗಾಲೆಯ ಬಾವಿಗಳಲ್ಲಿ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟಿಗಿಂತ ಹೆಚ್ಚು. ಆ ನಾಡು ಸರಿಹೋಗಲು 25ರಿಂದ 30 ವರ್ಷ ಬೇಕೆಂದು ಅಂದಾಜು ಮಾಡಿದರು.

ಎಣ್ಣೆಗಿಂತ ಉಪ್ಪುನೀರು ಕೆಟ್ಟದ್ದು, ಅದರ ಮಾತು ವರದಿಗಳಲ್ಲಿ ಕಡಿಮೆ. ಹಳೆಯ ತೈಲಬಾವಿಯಲ್ಲಿ ಒಂದು ಬ್ಯಾರೆಲ್ ಎಣ್ಣೆಯ ಜೊತೆ ಹಲವು ಬ್ಯಾರೆಲ್ ನೀರು ಮೇಲೆ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇದರಲ್ಲಿ ಕೆಲವು ಕಡೆ 200 ಗ್ರಾಂ ದಾಟುತ್ತದೆ, ರೇಡಿಯಂ, ಬೇರಿಯಂ ಕೂಡ ಇರುತ್ತವೆ. ಎಣ್ಣೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ, ಉಪ್ಪನ್ನು ಯಾವುದೂ ತಿನ್ನುವುದಿಲ್ಲ. ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿಬಿಡುತ್ತದೆ, ಮಣ್ಣು ಹೆಪ್ಪುಗಟ್ಟಿ ನೀರು ಇಂಗುವುದು ನಿಲ್ಲುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಕೂಡಲೇ ಸಿಹಿನೀರು ಹಾಯಿಸಿ ತೊಳೆಯುವುದು. ಮೊದಲು ಜಿಪ್ಸಮ್ ಹಾಕಿ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ತರಬೇಕು, ಬಸಿಗಾಲುವೆ ತೆಗೆಯಬೇಕು, ಆಮೇಲೆ ತೊಳೆಯಬೇಕು. ಬಸಿದ ಆ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ.

ಬಾವಿ ಪರೀಕ್ಷೆಗೆ ಬರುತ್ತೇನೆ. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ, ಕೆಲಸ ಶುರುವಾಗುವ ಮೊದಲು ಎರಡು ಸಲ ಮಾದರಿ ತೆಗೆಸಿ. ಬೆಂಜೀನ್ ಹಾರಿಹೋಗುವ ವಸ್ತು, ಆದ್ದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನೀರಿನ ಫಲಿತಾಂಶಕ್ಕೆ ಬೆಲೆ ಇಲ್ಲ. 40 ಮಿ.ಲೀ. ಗಾಜಿನ ಸೀಸೆ, ಟೆಫ್ಲಾನ್ ಪದರದ ಮುಚ್ಚಳ, ಒಳಗೆ ಲ್ಯಾಬಿನವರೇ ಹಾಕಿಕೊಟ್ಟ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳು. ನೀರನ್ನು ನಿಧಾನವಾಗಿ ಗೋಡೆಗುಂಟ ಇಳಿಸಿ ಬಾಯಿತನಕ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ. ಒಂದು ಗುಳ್ಳೆ ಕಂಡರೂ ಹೊಸ ಸೀಸೆಯಲ್ಲಿ ಮತ್ತೆ ತೆಗೆಯಿರಿ. 4 ಡಿಗ್ರಿ ತಣುಪಿನಲ್ಲಿಟ್ಟು 14 ದಿನದೊಳಗೆ ಪರೀಕ್ಷೆ ಆಗಬೇಕು. ಬೆಂಜೀನ್, ಟಾಲ್ವೀನ್, ಎಥೈಲ್‌ಬೆಂಜೀನ್, ಜೈಲೀನ್, ನ್ಯಾಫ್ಥಲೀನ್ ಜೊತೆಗೆ ಕ್ಲೋರೈಡ್, ಬ್ರೋಮೈಡ್, ಬೇರಿಯಂ ಕೂಡ ಮಾಡಿಸಿ. ಬಾವಿ ಉಪ್ಪಾದರೆ ಅದು ತೈಲಬಾವಿಯ ನೀರೋ ಬೇರೆಯದೋ ಎಂದು ತೋರಿಸಲು ಕ್ಲೋರೈಡ್ ಬ್ರೋಮೈಡ್ ಅನುಪಾತ ನೆರವಾಗುತ್ತದೆ. ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಿಮ್ಮ ಲ್ಯಾಬ್ 1 ಮೈಕ್ರೋಗ್ರಾಂ ತನಕ ಅಳೆಯಬಲ್ಲದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕರಾರುಪತ್ರ:

ಹಣದ ವಿಚಾರ ಯಾರೂ ಎತ್ತಿಲ್ಲ. ಪರಿಹಾರ ಕೊಡುವುದು ಸಾಮಾನ್ಯವಾಗಿ ಅಗೆದ ವರ್ಷದ ಬೆಳೆಗೆ. ಆದರೆ ಮೇಲ್ಮಣ್ಣು ಮತ್ತು ಅಡಿಮಣ್ಣು ಬೆರೆತುಹೋದರೆ, ಯಂತ್ರಗಳು ಓಡಾಡಿ ನೆಲ ಗಟ್ಟಿಯಾದರೆ ಇಳುವರಿ ವರ್ಷಗಟ್ಟಲೆ ಏಳುವುದಿಲ್ಲ. ಎರಡು ಮಣ್ಣನ್ನೂ ಬೇರೆ ಬೇರೆ ಗುಡ್ಡೆ ಹಾಕಬೇಕು, ಒದ್ದೆ ನೆಲದಲ್ಲಿ ಕೆಲಸ ಮಾಡಬಾರದು, ಇಳುವರಿ ಪಕ್ಕದ ಹೊಲದ ಮಟ್ಟಕ್ಕೆ ಬರುವ ತನಕ ಪರಿಹಾರ ನಡೆಯಬೇಕು. ಇದು ಕರಾರಿನಲ್ಲಿ ಇರಲಿ.

ಸೋರಿಕೆಯ ಪ್ರಮಾಣ ಮತ್ತು ಕಾರಣವನ್ನು ಯಾರು ನಿರ್ಧರಿಸುತ್ತಾರೆ ಎಂಬುದು ಎಲ್ಲಕ್ಕಿಂತ ಮುಖ್ಯ. ನೈಜೀರಿಯಾದ ಬೋಡೊದಲ್ಲಿ 2008ರಲ್ಲಿ ಎರಡು ಸೋರಿಕೆಯಾದವು. ಕಂಪನಿ ಮೊದಲು ಹೇಳಿದ್ದು ಒಟ್ಟು ಸುಮಾರು 4,000 ಬ್ಯಾರೆಲ್. ಅದಕ್ಕಿಂತ ಹೆಚ್ಚು ಎಂದು ಒಪ್ಪಿದ್ದು 2014ರಲ್ಲಿ, ಲಂಡನ್ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುತ್ತಿದ್ದಾಗ. 2015ರಲ್ಲಿ 5.5 ಕೋಟಿ ಪೌಂಡಿಗೆ ರಾಜಿಯಾಯಿತು. ಏಳು ವರ್ಷ ಮೀನುಗಾರರಿಗೆ ಮೀನಿರಲಿಲ್ಲ, ಕಾಂಡ್ಲಾ ಕಾಡು ಸತ್ತಿತ್ತು. ಜನರ ಕಡೆಯ ಪರಿಣಿತರೊಬ್ಬರು ಜಂಟಿ ತಪಾಸಣೆಯಲ್ಲಿ ಇರಬೇಕು, ಒತ್ತಡ ಮತ್ತು ಹರಿವಿನ ಮೂಲ ದಾಖಲೆ 24 ಗಂಟೆಯೊಳಗೆ ಅವರ ಕೈಗೆ ಬರಬೇಕು. "ಯಾರೋ ಕೊರೆದು ಕದ್ದರು" ಎಂದಾದರೆ ಪರಿಹಾರವೇ ಇಲ್ಲ ಎಂಬ ಷರತ್ತು ಇದೆಯೇ ನೋಡಿ. ಇದ್ದರೆ, ಕಾರಣ ಏನಾದರೂ ಶುಚಿ ಮಾಡುವ ಹೊಣೆ ಕಂಪನಿಯದ್ದೇ ಎಂದು ಬರೆಸಿ. ನೆದರ್ಲೆಂಡ್ಸಿನ ಹೇಗ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ನೈಜೀರಿಯಾದ ಒಂದು ಲೈನಿಗೆ ಸೋರಿಕೆ ಪತ್ತೆ ವ್ಯವಸ್ಥೆ ಹಾಕಲೇಬೇಕೆಂದು ಆದೇಶಿಸಿತು. ವಾದಕ್ಕೆ ಅದನ್ನು ಬಳಸಿಕೊಳ್ಳಬಹುದು.

ಕೊನೆಗೆ, ಲೈನ್ ಮುದಿಯಾದಾಗ ಸಣ್ಣ ಕಂಪನಿಗೆ ಮಾರಿ ಹೋಗುವುದುಂಟು. ತೆಗೆದುಹಾಕುವ ಖರ್ಚಿನ ಠೇವಣಿಯನ್ನು ತೈಲ ಹರಿಯುವ ಮೊದಲೇ ಇಡಿಸಬೇಕು.

ನೀರಸೆಲೆ:

ಎಲ್ಲರಿಗೂ ಧನ್ಯವಾದ. ಒಂದು ಸಣ್ಣ ಪ್ರಶ್ನೆ: ಹಳ್ಳದ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಅದು ತೈಲವೇ ಎಂದು ಅಲ್ಲೇ ಹೇಳಬಹುದೇ?

ಮಣ್ಣುಗಾರ:

ಒಂದು ಕಡ್ಡಿಯಿಂದ ಕಲಕಿ ನೋಡಿ. ಗಾಜಿನ ಚೂರಿನಂತೆ ಒಡೆದು ತುಂಡುಗಳಾಗಿಯೇ ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ಸುತ್ತ ಕೆಂಪು ಗಸಿಯೂ ಇರುತ್ತದೆ. ಸುಳಿದು ಮತ್ತೆ ಕೂಡಿಕೊಂಡರೆ ತೈಲ ಎಂದು ಅನುಮಾನಿಸಿ. ಬೆಂಕಿ ಹಚ್ಚಿ ನೋಡುವ ಕೆಲಸ ಮಾತ್ರ ಬೇಡ. ವಾಸನೆ ಬಂದರೆ ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತಿದೆಯೋ ಆ ಕಡೆಗೆ ದೂರ ಸರಿಯಿರಿ, ತಗ್ಗಿನಲ್ಲಿ ನಿಲ್ಲಬೇಡಿ, ಆವಿ ಗಾಳಿಗಿಂತ ಭಾರ. ಫೋಟೋದಲ್ಲಿ ಸಮಯ ಮತ್ತು ಜಾಗ ದಾಖಲಾಗಲಿ, ಕೊಳವೆಯ ಗುರುತುಕಂಬದ ಸಂಖ್ಯೆ ಬರೆದುಕೊಳ್ಳಿ. ಫೋನ್ ಮಾಡಿದಾಗ ಅವರಿಗೆ ಮೊದಲು ಬೇಕಾಗುವುದು ಆ ಸಂಖ್ಯೆ.