ಖಾಸಗಿ ರಿಯಲ್ ಎಸ್ಟೇಟ್ ನಿಧಿ: ಶೇ 16ರ ಪ್ರತಿಫಲ ಎಲ್ಲಿಂದ ಬರುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಚೇರಿ ಕಟ್ಟಡ, ಗೋದಾಮು, ಬಾಡಿಗೆ ವಸತಿ ಸಮುಚ್ಚಯಗಳನ್ನು ಕೊಂಡು, ಸುಧಾರಿಸಿ, ಕೆಲವು ವರ್ಷಗಳ ನಂತರ ಮಾರುವ ಪ್ರೈವೇಟ್ ಈಕ್ವಿಟಿ (ಆಯ್ದ ಹೂಡಿಕೆದಾರರ ಹಣ ಕೂಡಿಸಿ ಖಾಸಗಿಯಾಗಿ ಹೂಡುವ) ಸಂಸ್ಥೆಯೊಂದರ ನಿಧಿಗೆ ಸೇರುವಂತೆ ನನಗೆ ಆಹ್ವಾನ ಬಂದಿದೆ. ಅವಧಿ 10 ವರ್ಷ, ನಿರ್ವಹಣಾ ಶುಲ್ಕ ವರ್ಷಕ್ಕೆ ಶೇ 1.5, ಹೂಡಿಕೆದಾರರಿಗೆ ಮೊದಲು ಶೇ 8ರ ಆದ್ಯತಾ ಪ್ರತಿಫಲ, ಆಮೇಲಿನ ಲಾಭದಲ್ಲಿ ಸಂಸ್ಥೆಗೆ ಶೇ 20ರ ಪಾಲು ಎಂದು ಅವರ ಕೈಪಿಡಿ ಹೇಳುತ್ತದೆ. ನಿರೀಕ್ಷಿತ ಐಆರ್‌ಆರ್ (ಹಣ ಹಾಕಿದ, ಮರಳಿದ ಸಮಯವನ್ನೂ ಲೆಕ್ಕಕ್ಕೆ ಹಿಡಿದ ವಾರ್ಷಿಕ ಪ್ರತಿಫಲದ ದರ) ಶೇ 16 ಎಂಬುದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಠೇವಣಿ, ಮ್ಯೂಚುವಲ್ ಫಂಡ್ ಬಿಟ್ಟು ಬೇರೆಲ್ಲೂ ನಾನು ಹಣ ಇಟ್ಟಿಲ್ಲ. ಕಟ್ಟಡದ ವಾರ್ಷಿಕ ಬಾಡಿಗೆಯೇ ಬೆಲೆಯ ಶೇ 5ರಷ್ಟಿರುವಾಗ ಈ ಶೇ 16 ಹೇಗೆ ಸಾಧ್ಯ?

ಉತ್ತರ 1

ಬಾಡಿಗೆಯ ಶೇ 5 ಬಿಟ್ಟು ಉಳಿದದ್ದರಲ್ಲಿ ಬಹುಪಾಲು ಸಾಲದಿಂದ ಮತ್ತು ಮಾರುವ ದಿನದ ಬೆಲೆಯಿಂದ ಬರಬೇಕು. ಖರ್ಚು ಕಳೆದು ವರ್ಷಕ್ಕೆ 5 ಕೋಟಿ ಬಾಡಿಗೆ ತರುವ ಕಟ್ಟಡವನ್ನು 100 ಕೋಟಿಗೆ ಕೊಂಡರು, ಅದರಲ್ಲಿ 60 ಕೋಟಿ ಸಾಲ, 40 ಕೋಟಿ ನಿಮ್ಮಂಥವರ ಹಣ ಎಂದುಕೊಳ್ಳಿ. ಬಾಡಿಗೆಯನ್ನು 6 ಕೋಟಿಗೆ ಏರಿಸಿ ಅದೇ ಶೇ 5ರ ಕ್ಯಾಪ್ ರೇಟ್‌ನಲ್ಲಿ (ಖರ್ಚು ಕಳೆದ ವರ್ಷದ ಬಾಡಿಗೆ ಬೆಲೆಯ ಶೇಕಡಾ ಎಷ್ಟು ಎಂಬ ದರ) ಮಾರಿದರೆ 120 ಕೋಟಿ ಬರುತ್ತದೆ. ಸಾಲ ತೀರಿಸಿದ ಮೇಲೆ 40 ಕೋಟಿ 60 ಆಗಿರುತ್ತದೆ. ಆದರೆ ಮಾರುವ ಹೊತ್ತಿಗೆ ಕೊಳ್ಳುವವರು ಶೇ 6 ಕೇಳಿದರೆ ಬೆಲೆ ಮತ್ತೆ 100 ಕೋಟಿಗೇ ಬಂದು ನಿಲ್ಲುತ್ತದೆ, ಅಂದರೆ ಇಷ್ಟು ವರ್ಷ ಬಾಡಿಗೆ ಏರಿಸಲು ಪಟ್ಟ ಶ್ರಮವೆಲ್ಲ ಬೆಲೆಯಲ್ಲಿ ಕರಗಿಹೋಗುತ್ತದೆ. ಬಾಡಿಗೆಯೂ ಏರದೆ ಇದ್ದರೆ ಬೆಲೆ ಸುಮಾರು 83 ಕೋಟಿ, ನಿಮ್ಮ ಪಾಲಿಗೆ ಉಳಿಯುವುದು 23. ಕಟ್ಟಡ ಕಳೆದುಕೊಂಡದ್ದು ಶೇ 17, ನೀವು ಕಳೆದುಕೊಂಡದ್ದು ಶೇ 40ಕ್ಕೂ ಹೆಚ್ಚು.

ಇದು ಕಾಗದದ ಮೇಲಿನ ಭಯವಲ್ಲ. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನ ಸ್ಟೈವೆಸೆಂಟ್ ಟೌನ್ ಮತ್ತು ಪೀಟರ್ ಕೂಪರ್ ವಿಲೇಜ್ ಎಂಬ, 11,000ಕ್ಕೂ ಹೆಚ್ಚು ಮನೆಗಳ ಸಮುಚ್ಚಯವನ್ನು 2006ರಲ್ಲಿ ಟಿಶ್ಮನ್ ಸ್ಪೈಯರ್ ಮತ್ತು ಬ್ಲ್ಯಾಕ್‌ರಾಕ್ ಎಂಬ ಹೂಡಿಕೆ ಸಂಸ್ಥೆಗಳು 540 ಕೋಟಿ ಡಾಲರ್‌ಗೆ ಕೊಂಡವು. ನಿಯಂತ್ರಿತ ಬಾಡಿಗೆಯ ಮನೆಗಳನ್ನು ಮಾರುಕಟ್ಟೆಯ ಬಾಡಿಗೆಗೆ ಏರಿಸಬಹುದೆಂಬುದೇ ಲೆಕ್ಕದ ಆಧಾರವಾಗಿತ್ತು. ಏರಿಕೆ ಅಂದುಕೊಂಡ ವೇಗದಲ್ಲಿ ಆಗಲಿಲ್ಲ, 2009ರಲ್ಲಿ ನ್ಯಾಯಾಲಯವೂ ಬಾಡಿಗೆದಾರರ ಪರ ನಿಂತಿತು, 2010ರ ಜನವರಿಯಲ್ಲಿ ಆಸ್ತಿಯನ್ನು ಸಾಲ ಕೊಟ್ಟವರಿಗೆ ಒಪ್ಪಿಸಬೇಕಾಯಿತು. ಆದ್ದರಿಂದ ಮಾರಾಟದ ಕ್ಯಾಪ್ ರೇಟ್ ಎಷ್ಟೆಂದು ಊಹಿಸಿದ್ದಾರೆ, ಸಾಲದ ಬಡ್ಡಿ ಸ್ಥಿರವೋ ಬದಲಾಗುವುದೋ, ಸಾಲದ ಅವಧಿ ಮುಗಿಯುವುದು ಯಾವಾಗ ಎಂಬುದನ್ನು ಬರವಣಿಗೆಯಲ್ಲೇ ಕೇಳಿ.

ಉತ್ತರ 2

ಮೇಲಿನ ಉತ್ತರಕ್ಕೆ ಶುಲ್ಕದ ವಿಷಯ ಸೇರಿಸುತ್ತೇನೆ. ಇಂಥ ನಿಧಿಗಳು ನೀವು ಒಪ್ಪಿದ ಹಣವನ್ನು ಸಾಮಾನ್ಯವಾಗಿ ಒಮ್ಮೆಗೇ ಅಲ್ಲ, ಬೇಕಾದಾಗ ಕಂತುಗಳಲ್ಲಿ ಕೇಳುತ್ತವೆ. ಶೇ 1.5 ಯಾವ ಮೊತ್ತದ ಮೇಲೆ ಎಂದು ನೋಡಿ. ಅನೇಕ ನಿಧಿಗಳಲ್ಲಿ ಮೊದಲ ಕೆಲವು ವರ್ಷ, ನೀವು ಕೊಡುತ್ತೇನೆಂದು ಒಪ್ಪಿದ ಪೂರ್ಣ ಮೊತ್ತದ ಮೇಲೆ ಶುಲ್ಕ ಬೀಳುತ್ತದೆ, ಅದರಲ್ಲಿ ಅರ್ಧವೂ ಕಟ್ಟಡಗಳಿಗೆ ಹೋಗಿರದಿದ್ದರೂ ಸರಿ. ಐಆರ್‌ಆರ್ ಒಂದನ್ನೇ ನಂಬಬೇಡಿ: ಎರಡು ವರ್ಷದಲ್ಲಿ 100 ಇದ್ದದ್ದು 140 ಆದರೆ ಐಆರ್‌ಆರ್ ಸುಮಾರು ಶೇ 18, ಐದು ವರ್ಷದಲ್ಲಿ 200 ಆದರೆ ಸುಮಾರು ಶೇ 15, ಕೈಗೆ ಹೆಚ್ಚು ಹಣ ತಂದದ್ದು ಎರಡನೆಯದು. ಹೂಡಿಕೆದಾರರ ಹಣ ಕೇಳುವುದನ್ನು ಬ್ಯಾಂಕ್ ಸಾಲದಿಂದ ಮುಂದೂಡಿದರೂ ಐಆರ್‌ಆರ್ ಏರಿದಂತೆ ಕಾಣುತ್ತದೆ. ಹಾಕಿದ ಹಣ ಒಟ್ಟು ಎಷ್ಟು ಪಟ್ಟಾಯಿತು ಎಂಬ ಲೆಕ್ಕವನ್ನು, ಶುಲ್ಕ ಕಳೆದ ನಂತರದ್ದನ್ನು, ಹಿಂದಿನ ಎಲ್ಲ ನಿಧಿಗಳಿಗೂ ಕೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಐದನೆಯ ವರ್ಷದಲ್ಲಿ ಹಣ ಬೇಕಾದರೆ ಹೊರಬರಬಹುದೇ?

ಉತ್ತರ 3

ಸಾಮಾನ್ಯವಾಗಿ ಆಗುವುದಿಲ್ಲ. ನಿಮ್ಮ ಪಾಲನ್ನು ಕೊಳ್ಳುವವರು ಸಿಕ್ಕರೂ ಸಂಸ್ಥೆಯ ಒಪ್ಪಿಗೆ ಬೇಕು, ಬೆಲೆಯಲ್ಲಿ ಕಡಿತವೂ ಇರಬಹುದು. ನಿಯತಕಾಲಕ್ಕೆ ಹಣ ಹಿಂದಿರುಗಿಸುವ ವ್ಯವಸ್ಥೆಯುಳ್ಳ ಬ್ಲ್ಯಾಕ್‌ಸ್ಟೋನ್ ಸಂಸ್ಥೆಯ ರಿಯಲ್ ಎಸ್ಟೇಟ್ ನಿಧಿಯಾದ ಬಿಆರ್‌ಇಐಟಿಯಲ್ಲೇ ತಿಂಗಳಿಗೆ ನಿಧಿಯ ನಿವ್ವಳ ಮೌಲ್ಯದ (ಸಾಲ ಕಳೆದ ಆಸ್ತಿಯ ಮೌಲ್ಯದ) ಶೇ 2, ತ್ರೈಮಾಸಿಕಕ್ಕೆ ಶೇ 5 ಎಂಬ ಮಿತಿ ಇತ್ತು. 2022ರ ಕೊನೆಗೆ ಬೇಡಿಕೆ ಅದನ್ನು ಮೀರಿದಾಗ ಎಲ್ಲರಿಗೂ ಕೇಳಿದಷ್ಟು ಹಣ ಸಿಗಲಿಲ್ಲ. ನಿಮ್ಮದು 10 ವರ್ಷ ಮುಚ್ಚಿದ ನಿಧಿ, ಅದನ್ನು ಮತ್ತೆ ಒಂದೆರಡು ವರ್ಷ ವಿಸ್ತರಿಸುವ ಷರತ್ತೂ ಇರುವ ಸಾಧ್ಯತೆ ಹೆಚ್ಚು. ಇನ್ನೊಂದು ಷರತ್ತನ್ನು ಸಹಿ ಹಾಕುವ ಮೊದಲೇ ಹುಡುಕಿ: ಸಂಸ್ಥೆ ಹಣ ಕೇಳಿದಾಗ ಗಡುವಿನೊಳಗೆ ಕೊಡಲಾಗದಿದ್ದರೆ, ಈಗಾಗಲೇ ಕೊಟ್ಟ ಹಣದ ಎಷ್ಟು ಭಾಗವನ್ನು ನೀವು ಕಳೆದುಕೊಳ್ಳುತ್ತೀರಿ ಎಂಬುದು ಅಲ್ಲಿ ಬರೆದಿರುತ್ತದೆ.